ಬಾಲ್ಕನಿ ಬೇಸಾಯ: ಮರುಗಕ್ಕೆ ಮಳೆ ಬೇಡ

ಖರಾಡಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನರ್ಸರಿಯಿಂದ ಮೂರು ಸಲ ರೋಸ್‌ಮೆರಿ ಗಿಡ ತಂದರಂತೆ. ಮೂರೂ ಸಲ ಚಳಿಗಾಲದಲ್ಲಿ ಚೆನ್ನಾಗಿ ಬೆಳೆದು, ಬೇಸಿಗೆಯನ್ನೂ ದಾಟಿ, ಗಣಪತಿ ಹಬ್ಬ ಬರುವಷ್ಟರಲ್ಲಿ ಬುಡದಿಂದ ಕಪ್ಪಾಗಿ ಸತ್ತುಹೋಯಿತಂತೆ. "ಪುಣೆಯ ಬಿಸಿಲು ಇದಕ್ಕೆ ಆಗುವುದಿಲ್ಲವೇ? ಬೆಂಗಳೂರಿನಲ್ಲಾದರೆ ಬರುತ್ತಿತ್ತೇ?" ಎಂದು ಕೇಳಿದ್ದಾರೆ.

ಬಿಸಿಲಿನ ತಪ್ಪೇನೂ ಇಲ್ಲ. ಆದರೆ ರೋಸ್‌ಮೆರಿಗೆ ಹೋಗುವ ಮುಂಚೆ ಇನ್ನೊಂದು ಗಿಡದ ವಿಷಯ ಹೇಳಬೇಕು. ಅದೂ ಮೆಡಿಟರೇನಿಯನ್ ಸಮುದ್ರದ ಕಡೆಯದೇ, ಆದರೆ ಅದನ್ನು ನಾವು ಯಾರೂ ಪರದೇಶದ್ದು ಎಂದುಕೊಂಡಿಲ್ಲ. ನಮ್ಮ ಅಜ್ಜಿಯರು ತುಳಸಿ ಕಟ್ಟೆಯ ಪಕ್ಕದಲ್ಲಿ ಬೆಳೆದರು, ನಮ್ಮ ಜಡೆಗೆ ಮುಡಿಸಿದರು. ಅದು ಮರುಗ.

ನಮ್ಮ ಮನೆ ಮಾರ್ಕೆಟ್ ಯಾರ್ಡಿನ ಹತ್ತಿರ. ಗುಲ್ಟೇಕಡಿಯ ಈ ಸಗಟು ಪೇಟೆಯ ಬಗ್ಗೆ ಪುಣೆಯವರಿಗೆ ಹೇಳಬೇಕಿಲ್ಲ. ಮುಂಬಯಿ, ಹೈದರಾಬಾದಿನ ಓದುಗರಿಗಾಗಿ ಹೇಳುತ್ತೇನೆ: ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯನ್ನು ನೆನಪಿಸಿಕೊಳ್ಳಿ. ಅದೇ ಅಡತಿ ಅಂಗಡಿಗಳು, ಅದೇ ಹಮಾಲರು, ಅದೇ ಈರುಳ್ಳಿ ಸಿಪ್ಪೆಯ ವಾಸನೆ. ಪದಗಳೂ ಹೆಚ್ಚುಕಡಿಮೆ ಅವೇ. ಇಲ್ಲಿ ಒಂದು ಭಾಗ ಪೂರ್ತಿ ಹೂವಿನದು. ಬೆಳಗಿನ ಹೊತ್ತು ಹೋದರೆ ಚೆಂಡು ಹೂವು, ಶೇವಂತಿಗೆ, ಆಸ್ಟರ್, ಇಲ್ಲಿಯವರು ನಿಶಿಗಂಧ ಎನ್ನುವ ಸುಗಂಧರಾಜ, ಎಲ್ಲವೂ ರಾಶಿ ರಾಶಿಯಾಗಿ ಕಿಲೋ ಲೆಕ್ಕದಲ್ಲಿ ಬಿದ್ದಿರುತ್ತವೆ. ಅಂಚಿನಲ್ಲಿ, ಗೋಣಿ ತಾಟಿನ ಮೇಲೆ ತುಳಸಿ, ಬಿಲ್ವಪತ್ರೆ, ಗರಿಕೆಯ ಜೊತೆಗೆ ಬೂದು ಹಸಿರಿನ ಸಣ್ಣ ಎಲೆಯ ಕಟ್ಟುಗಳನ್ನು ಇಟ್ಟುಕೊಂಡ ಹೆಂಗಸರು ಕೂತಿರುತ್ತಾರೆ. ಮರಾಠಿಯಲ್ಲಿ ಅದು ಮರವಾ. ತೆಲುಗಿನವರಿಗೆ ಮರುವಂ, ತಮಿಳರಿಗೆ ಮರುವು. ಸಂಸ್ಕೃತದಲ್ಲಿ ಮರುವಕ. ಆ ಹೆಸರು ಎಷ್ಟು ಹಳೆಯದೆಂದರೆ ಅಮರಕೋಶದಲ್ಲಿಯೇ ಇದೆ. ಗಣೇಶನ ಪೂಜೆಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಮರುವಕವೂ ಒಂದು. ಹಾಗಾಗಿ ಭಾದ್ರಪದದಲ್ಲಿ ಯಾರ್ಡಿನಲ್ಲಿ ಇದಕ್ಕೆ ಇನ್ನಿಲ್ಲದ ಬೆಲೆ.

ಮರುಗವನ್ನು ದವನದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಎರಡೂ ಒಂದೇ ತಾಟಿನ ಮೇಲೆ ಇರುತ್ತವೆ, ಎರಡನ್ನೂ ಮಾಲೆಯಲ್ಲಿ ಕಟ್ಟುತ್ತಾರೆ. ದವನದ ಎಲೆ ಸೀಳು ಸೀಳಾಗಿ ಜೂಲಿನಂತಿರುತ್ತದೆ. ಅದು ಸೇವಂತಿಗೆಯ ಕುಟುಂಬದ ಗಿಡ, ನಮ್ಮ ದಕ್ಷಿಣ ಭಾರತದ್ದೇ. ಚೈತ್ರದಲ್ಲಿ ದವನದ ಹುಣ್ಣಿಮೆ ಅನ್ನುವುದು ಅದರ ಹೆಸರಿನಿಂದ. ಕೊಲ್ಹಾಪುರದ ಹತ್ತಿರ ಜ್ಯೋತಿಬಾನಿಗೆ ಏರಿಸುವುದೂ ಅದನ್ನೇ. ಮರುಗದ್ದು ಇಲಿಯ ಕಿವಿಯಂಥ ದುಂಡು ಎಲೆ, ಮುಟ್ಟಿದರೆ ತೆಳುವಾದ ಮಖಮಲ್ಲು, ತುಳಸಿಯ ಕುಟುಂಬ. ಹುಟ್ಟೂರು ಸೈಪ್ರಸ್ ದ್ವೀಪ ಮತ್ತು ಟರ್ಕಿ. 1753ರಲ್ಲಿ ಲಿನೇಯಸ್ ಇದಕ್ಕೆ ಒರಿಗ್ಯಾನಮ್ ಮೆಜೊರಾನ ಎಂದು ಹೆಸರಿಟ್ಟ. ಒರಿಗ್ಯಾನಮ್ ಅಂದ ಕೂಡಲೇ ನಿಮಗೆ ಹೊಳೆದಿರಬೇಕು: ಪಿಜ್ಜಾದ ಡಬ್ಬಿಯ ಜೊತೆ ಪುಟ್ಟ ಪ್ಯಾಕೆಟ್ಟಿನಲ್ಲಿ ಬರುವ ಒರೆಗಾನೊ ಇದರ ಅಣ್ಣ ಅಥವಾ ತಮ್ಮ. ಇಂಗ್ಲಿಷಿನವರು ಮರುಗವನ್ನು ಮಾರ್ಜೊರಮ್ ಎನ್ನುತ್ತಾರೆ.

ನನ್ನ ಒಂಬತ್ತು ವರ್ಷದ ಮಗಳಿಗೆ ಇದನ್ನು ಹೇಳಿದಾಗ ಅವಳು ಮೊದಲು ಮಾಡಿದ್ದು ದೇವರ ಮನೆಯಿಂದ ಒಂದು ಕಡ್ಡಿ ಎತ್ತಿಕೊಂಡು ಹೋಗಿ ತನ್ನ ಪಿಜ್ಜಾದ ಮೇಲೆ ಉದುರಿಸಿದ್ದು. ನಮ್ಮವ್ವ ಒಂದು ಗಂಟೆ ಮಾತಾಡಲಿಲ್ಲ.

ವಾಸನೆಯ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ಒರೆಗಾನೊದ ಖಾರವಾದ ಘಾಟಿಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎರಡು ವಸ್ತುಗಳು. ಅದೇ ಥೈಮಾಲ್ ನಮ್ಮ ಅಜವಾನದಲ್ಲಿದೆ. ನೆಗಡಿಯಾದಾಗ ಕೈಗೆ ಬರುವ ದೊಡ್ಡಪತ್ರೆಯಲ್ಲೂ ಇದೇ ಜೋಡಿ. ಅದಕ್ಕೇ ದೊಡ್ಡಪತ್ರೆಯನ್ನು ಇಂಗ್ಲಿಷಿನಲ್ಲಿ ಕ್ಯೂಬನ್ ಒರೆಗಾನೊ ಅಂತಲೂ ಕರೆಯುತ್ತಾರೆ, ಅದರ ಮೂಲ ಕ್ಯೂಬಾ ಅಲ್ಲದಿದ್ದರೂ. ಮರುಗದಲ್ಲಿ ಈ ಖಾರ ಇಲ್ಲ. ಅದರ ಎಣ್ಣೆಯಲ್ಲಿರುವುದು ಬೇರೆ ವಸ್ತುಗಳು, ಅದಕ್ಕೇ ಅದು ತಣ್ಣಗೆ, ಸ್ವಲ್ಪ ಸಿಹಿಯಾಗಿ ಬರುತ್ತದೆ. ಮಲ್ಲಿಗೆಯ ಪಕ್ಕದಲ್ಲಿ ಕೂರಿಸಬಹುದಾದ ಎಲೆ ಇದು. ಒರೆಗಾನೊವನ್ನು ಮಲ್ಲಿಗೆಯ ಜೊತೆ ಕಟ್ಟಿ ನೋಡಿ, ತಲೆನೋವು ಬಂದೀತು.

ಹೂವಿನ ಜೊತೆ ಕಟ್ಟುವುದನ್ನು ನಾವು ಮಾತ್ರ ಕಂಡುಕೊಂಡೆವು ಎಂದೂ ಅಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಕಟುಲ್ಲಸ್ ತನ್ನ ಮದುವೆ ಹಾಡೊಂದರಲ್ಲಿ ವಿವಾಹದ ದೇವತೆಯನ್ನು ಕರೆಯುವಾಗ, ತಲೆಗೆ ಮರುಗದ ಹೂಗಳನ್ನು ಸುತ್ತಿಕೊಂಡು ಬಾ ಎನ್ನುತ್ತಾನೆ. ನಮ್ಮ ಕಡೆ ಮದುಮಗಳ ದಂಡೆಯಲ್ಲಿ ಮಲ್ಲಿಗೆ, ಅಬ್ಬಲಿಗೆಯ ನಡುವೆ ಹಸಿರಿಗೆ ಹಾಕುವುದೂ ಇದನ್ನೇ. ಎರಡು ಊರು, ಎರಡು ಸಾವಿರ ವರ್ಷ, ಮದುವೆ ಮನೆಗೆ ಒಂದೇ ಎಲೆ.

ಈಗ ಖರಾಡಿಯವರ ಪ್ರಶ್ನೆಗೆ ಬರೋಣ. ಈ ಗಿಡಗಳು ನಮ್ಮಲ್ಲಿ ಯಾಕೆ ಸಾಯುತ್ತವೆ?

ಸೈಪ್ರಸ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನವೆಂಬರಿನಿಂದ ಮಾರ್ಚಿನವರೆಗೆ ತಣ್ಣಗಿನ ಮಳೆ, ಆಮೇಲೆ ಬೇಸಿಗೆ ಪೂರ್ತಿ ಒಣ. ಮೆಡಿಟರೇನಿಯನ್ ಸುತ್ತಲಿನ ಎಲ್ಲ ದೇಶಗಳ ಪಂಚಾಂಗವೂ ಹೆಚ್ಚುಕಡಿಮೆ ಇದೇ. ಅಂದರೆ ಅಲ್ಲಿ ಸೆಕೆ ಮತ್ತು ಒದ್ದೆ ಎರಡೂ ಒಟ್ಟಿಗೆ ಬರುವುದೇ ಇಲ್ಲ. ಸೆಕೆ ಇದ್ದಾಗ ನೆಲ ಒಣಗಿರುತ್ತದೆ, ನೆಲ ಒದ್ದೆಯಾದಾಗ ಚಳಿ ಇರುತ್ತದೆ. ಪುಣೆಯದು ಪೂರಾ ತಿರುವುಮುರುವು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೆಕೆಯೂ ಇದೆ, ಒದ್ದೆಯೂ ಇದೆ, ವಾರಗಟ್ಟಲೆ ಸೂರ್ಯನ ಮುಖವೂ ಇಲ್ಲ.

ಕುಂಡದೊಳಗೆ ಆಗುವುದು ಇಷ್ಟು. ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿರುವ ಗಾಳಿಯೇ ಅದರ ಉಸಿರು. ಮಣ್ಣು ದಿನಗಟ್ಟಲೆ ನೆನೆದರೆ ಆ ಸಂದಿಗಳೆಲ್ಲ ನೀರು ತುಂಬಿ ಬೇರು ಉಸಿರುಗಟ್ಟುತ್ತದೆ. ಸೋತ ಬೇರಿಗೆ ಕೊಳೆರೋಗ ಹತ್ತುತ್ತದೆ. ಬೆಚ್ಚಗಿನ ಒದ್ದೆಯಲ್ಲಿ ಅದು ಎರಡೇ ವಾರದಲ್ಲಿ ಕೆಲಸ ಮುಗಿಸುತ್ತದೆ. ಮೋಸ ಇರುವುದು ಇಲ್ಲಿ: ಬೇರು ಕೊಳೆತ ಗಿಡದ ಎಲೆ ಬಾಡುತ್ತದೆ, ಯಾಕೆಂದರೆ ನೀರು ಎಳೆಯಲು ಬೇರೇ ಇಲ್ಲ. ನೋಡಿದವರಿಗೆ ನೀರು ಸಾಲದೆ ಬಾಡಿದ ಹಾಗೆ ಕಾಣುತ್ತದೆ. ಪಾಪ, ಇನ್ನೊಂದು ಚೊಂಬು ಹಾಕುತ್ತಾರೆ.

ಹಾಗಾದರೆ ನಮ್ಮ ಉತ್ತರ ಕರ್ನಾಟಕದ ಹಿತ್ತಲುಗಳಲ್ಲಿ ಮರುಗ ವರ್ಷಾನುಗಟ್ಟಲೆ ಹೇಗೆ ಬದುಕಿತು? ಅಲ್ಲೂ ಮುಂಗಾರು ಇದೆಯಲ್ಲ?

ನನಗೆ ಗೊತ್ತಿರುವುದು ಒಂದು ಹಿತ್ತಲು, ಬೆಟಗೇರಿಯದು. ಗದಗಿನಲ್ಲಿ ಮಳೆ ಪುಣೆಗಿಂತ ಕಡಿಮೆ. ಬಂದರೂ ಒಂದು ಸಲ ಸುರಿದು ಹೋಗುತ್ತದೆ, ಮರುದಿನ ಬಿಸಿಲು. ಜೊತೆಗೆ ಗಾಳಿ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಆ ಗಾಳಿಯ ಅಳತೆ ಗೊತ್ತು. ಆಷಾಢದಲ್ಲಿ ಒಣಗಲು ಹಾಕಿದ ಸೀರೆ ಪಕ್ಕದ ಮನೆಯ ಮಾಳಿಗೆಯ ಮೇಲೆ ಸಿಗುತ್ತಿತ್ತು. ಎಲೆಯ ಮೇಲೆ ನೀರು ನಿಲ್ಲಲು ಆ ಗಾಳಿ ಬಿಡುವುದಿಲ್ಲ. ಮೂರನೆಯದು ಮಣ್ಣು. ನಮ್ಮ ಕಡೆಯವರಿಗೆ ಎರಿ ಯಾವುದು, ಮಸಾರಿ ಯಾವುದು ಎಂದು ಹೇಳಿಕೊಡಬೇಕಿಲ್ಲ. ಎರಿ ನೀರು ಹಿಡಿದುಕೊಳ್ಳುತ್ತದೆ, ಹತ್ತಿ, ಬಿಳಿಜೋಳಕ್ಕೆ ಬೇಕಾದ್ದು ಅದು. ಮಸಾರಿ ಕೆಂಪು, ಉಸುಕು ಬೆರೆತದ್ದು, ನೀರು ಬಿಟ್ಟುಕೊಡುತ್ತದೆ. ಅಜ್ಜಿ ಮರುಗ ಹಚ್ಚಿದ್ದು ಮಸಾರಿ ಮಣ್ಣು ತರಿಸಿ, ಬಚ್ಚಲ ನೀರು ಹೋಗದ ಎತ್ತರದಲ್ಲಿ, ಹಂಚಿನ ಸೂರಿನ ಅಂಚಿಗೆ. ಅರ್ಧ ಮಳೆ ಸೂರಿನ ಮೇಲೆಯೇ ಉಳಿಯುತ್ತಿತ್ತು. ಅಜ್ಜಿಗೆ ಸೈಪ್ರಸ್ ಗೊತ್ತಿರಲಿಲ್ಲ. ಗಿಡ ಯಾವ ಮೂಲೆಯಲ್ಲಿ ಸಾಯುತ್ತದೆ, ಯಾವ ಮೂಲೆಯಲ್ಲಿ ಬದುಕುತ್ತದೆ ಎಂಬುದನ್ನು ನೋಡಿಕೊಂಡಿದ್ದಳು, ಅಷ್ಟೇ.

ಆ ಗಿಡ ಅಜ್ಜಿ ಲಕ್ಷ್ಮೇಶ್ವರದ ತನ್ನ ತವರಿನಿಂದ ತಂದದ್ದು. ನಮ್ಮವ್ವ ಸೊಸೆಯಾಗಿ ಬಂದಾಗಿನಿಂದ ಅದನ್ನು ನೋಡಿಕೊಂಡವಳು ಅವಳೇ. ಮರುಗ ಒಂದೇ ಗಿಡವಾಗಿ ಎಷ್ಟೋ ವರ್ಷ ಬದುಕುವಂಥದ್ದಲ್ಲ. ಮೂರು ನಾಲ್ಕು ವರ್ಷಕ್ಕೆ ಬುಡ ಕಟ್ಟಿಗೆಯಾಗಿ, ಎಲೆ ಕಡಿಮೆಯಾಗಿ ಮುದಿಯಾಗುತ್ತದೆ. ಆಗ ತುದಿಯ ಕಡ್ಡಿ ಮುರಿದು ಪಕ್ಕದಲ್ಲಿ ಊರಬೇಕು. ಅದು ಹತ್ತಿದ ಮೇಲೆ ಮುದಿಯ ಬುಡ ಕಿತ್ತು ಹಾಕಬೇಕು. ಕಡ್ಡಿಯಿಂದ ಬೆಳೆದ ಗಿಡ ಬೀಜದ್ದರಂತೆ ಮಗಳಲ್ಲ, ಅದೇ ತಾಯಿ. ವಂಶವಾಹಿಯ ಲೆಕ್ಕದಲ್ಲಿ ನೋಡಿದರೆ ಅವ್ವ ಮುಡಿದದ್ದು, ನಾನು ಮುಡಿದದ್ದು ಲಕ್ಷ್ಮೇಶ್ವರದ ಆ ಒಂದೇ ಗಿಡವನ್ನು.

ಹೋದ ವರ್ಷ ಜುಲೈನಲ್ಲಿ ಬೆಟಗೇರಿಯ ಮನೆ ಮಾರಾಟವಾಯಿತು. ಅಪ್ಪ ಇಲ್ಲ, ಚಿಕ್ಕಪ್ಪನಿಗೆ ವಯಸ್ಸಾಗಿದೆ, ತಮ್ಮ ಬೆಂಗಳೂರಿನಲ್ಲಿ, ಅವ್ವ ನನ್ನ ಹತ್ತಿರ ಇಲ್ಲಿ. ಬೀಗ ಹಾಕಿದ ಮನೆಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳ ಸಹಿಯೂ ಬೇಕಲ್ಲ, ನಾನೂ ರಜೆ ಹಾಕಿ ಹೋದೆ. ಅವ್ವ ಬರಲಿಲ್ಲ. ಅವಳ ಸಹಿಯ ಕೆಲಸ ಮುಖತ್ಯಾರ ಪತ್ರದಲ್ಲಿ ಮುಗಿಯಿತು. ಸ್ವಾರ್ಗೇಟಿನಲ್ಲಿ ಬಸ್ಸು ಹತ್ತುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು. "ಪಾತ್ರಿ ಪಗಡಿ ಏನೂ ತರಬ್ಯಾಡ. ಮರುಗದ್ದು ನಾಕು ಕಡ್ಡಿ ತಗೊಂಡು ಬಾ."

ಕಡ್ಡಿ ಊರಲು ಜುಲೈ ಕೆಟ್ಟ ತಿಂಗಳು. ಒಳ್ಳೆಯ ಕಾಲ ದಸರೆಯಿಂದ ಸಂಕ್ರಾಂತಿ. ಆದರೆ ನೋಂದಣಿ ಕಚೇರಿಯ ದಿನಾಂಕ ಗಿಡವನ್ನು ಕೇಳಿ ಇಡುವುದಿಲ್ಲ. ಕೊಂಡವರು ಅಲ್ಲಿ ಅಂಗಡಿ ಸಾಲು ಕಟ್ಟುವವರಿದ್ದರು, ದಸರೆಗೆ ಹೋದರೆ ಅಲ್ಲಿ ಗಿಡ ಇರುತ್ತದೆ ಎಂಬ ಖಾತ್ರಿ ಇರಲಿಲ್ಲ. ನಾಲ್ಕರ ಬದಲು ಹದಿನಾರು ಕಡ್ಡಿ ಮುರಿದೆ. ನಮ್ಮ ಕೆಲಸದಲ್ಲಿ ಒಂದೇ ಸರ್ವರಿನ ಮೇಲೆ ಎಲ್ಲವನ್ನೂ ಇಟ್ಟರೆ ಏನಾಗುತ್ತದೆ ಎಂದು ದಿನಾ ನೋಡುತ್ತೇವಲ್ಲ.

ಮಾಡಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಹೂ ಬಿಡದ ಕೊಂಬೆಯ ತುದಿಯಿಂದ ನಾಲ್ಕೈದು ಇಂಚು. ಪೂರ್ತಿ ಎಳೆಯದೂ ಅಲ್ಲ, ಕಟ್ಟಿಗೆಯಾದದ್ದೂ ಅಲ್ಲ, ಬಗ್ಗಿಸಿದರೆ ಬಗ್ಗಿ ಆಮೇಲೆ ಮುರಿಯಬೇಕು, ಅಂಥದ್ದು. ಒದ್ದೆ ಹತ್ತಿ ಬಟ್ಟೆಯಲ್ಲಿ ಬುಡ ಸುತ್ತಿ, ಮೇಲೆ ಪತ್ರಿಕೆಯ ಹಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ರಾತ್ರಿ ಬಸ್ಸಿನಲ್ಲಿ ಬೆವೆತು ಕೊಳೆಯುತ್ತದೆ, ಬಾಯಿ ತೆರೆದಿರಲಿ. ಮನೆಗೆ ಬಂದ ಮೇಲೆ ಕೆಳಗಿನ ಅರ್ಧ ಎಲೆ ತೆಗೆದು, ಗಂಟಿನ ಸ್ವಲ್ಪ ಕೆಳಗೆ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ದಪ್ಪ ಉಸುಕು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಎರಡು ಗಂಟು ಮುಳುಗುವಷ್ಟು ಊರಿದೆ. ಗೊಬ್ಬರ ಬೇಡವೇ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಹಾಕಿದರೆ ಕೊಳೆಯಲು ಊಟ ಬಡಿಸಿದಂತೆ. ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಿಟಕಿ. ಮಿಶ್ರಣ ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸಾಕು.

ಹೊರಗೆ ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಮಳೆ, ಲಾರಿ, ಕೊಳೆತ ಕೋತಂಬರಿಯ ಕೆಸರು. ಒಳಗೆ ಅಡುಗೆಮನೆಯ ಕಿಟಕಿಯಲ್ಲಿ ಹದಿನಾರು ಕಾಗದದ ಲೋಟ. ನಾನು ಮೀಟಿಂಗಿನಲ್ಲಿ ಇರುವಾಗ ಅವ್ವ ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿ ಇಡುತ್ತಿದ್ದಳು. ಯಾಕೆ ಅಂದರೆ, "ಅದಕ್ಕ ಊರ ಗಾಳಿ ರೂಢಿ ಐತಿ." ತೋಟಗಾರಿಕೆಯ ಪುಸ್ತಕಗಳು ಇದನ್ನು ಬೇರೆ ಮಾತಿನಲ್ಲಿ ಹೇಳುತ್ತವೆ: ಗಾಳಿಯಾಡಿದರೆ ಬೂಷ್ಟು ಹಿಡಿಯುವುದಿಲ್ಲ. ಮೊದಲ ವಾರ ಐದು ಕಪ್ಪಾದವು. ಎರಡನೆಯ ವಾರ ಆರು. ಅವ್ವ ಪ್ರತಿದಿನ ಬೆಳಿಗ್ಗೆ ಎಣಿಸುತ್ತಿದ್ದಳು, ಸತ್ತದ್ದನ್ನು ತಾನೇ ಕಿತ್ತು ಬೇರೆ ಇಡುತ್ತಿದ್ದಳು, ಏನೂ ಮಾತಾಡುತ್ತಿರಲಿಲ್ಲ. ಮನೆ ಮಾರಿದ ದಿನವೂ ಅವಳು ಏನೂ ಕೇಳಿರಲಿಲ್ಲ, ಎಷ್ಟಕ್ಕೆ ಹೋಯಿತು ಎಂದು ಕೂಡ. ಇಪ್ಪತ್ತನಾಲ್ಕನೆಯ ದಿನ ಉಳಿದವುಗಳಲ್ಲಿ ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ. ಎಳೆದಾಗ ಕಡ್ಡಿ ತಡೆದು ಹಿಡಿದರೆ ಬೇರು ಬಂದಿದೆ ಎಂದರ್ಥ. ಕೊನೆಗೆ ದಕ್ಕಿದ್ದು ಮೂರು.

ಅದೇ ದೀಪಾವಳಿಯ ಹೊತ್ತಿಗೆ ತಮ್ಮ ಒಂದು ಫೋಟೋ ಕಳಿಸಿದ. ಹಿತ್ತಲು ಇದ್ದ ಜಾಗದಲ್ಲಿ ಕಾಲಂ ಗುಂಡಿ, ಅದರ ಪಕ್ಕ ಜಲ್ಲಿಯ ರಾಶಿ. ಅವ್ವನಿಗೆ ತೋರಿಸಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. "ಬಾವಿ ಮುಚ್ಚ್ಯಾರ" ಅಂದಳು. ಆಮೇಲೆ ಬಾಲ್ಕನಿಗೆ ಹೋಗಿ ಮೂರು ಕುಂಡಗಳನ್ನು ಗೋಡೆಯ ಕಡೆ ಸರಿಸಿದಳು.

ಕುಂಡದ ವಿಷಯ. ಮಣ್ಣಿನ ಕುಂಡವೇ ಆಗಬೇಕು, ಎಂಟರಿಂದ ಹತ್ತು ಇಂಚು. ಮಣ್ಣಿನ ಕುಂಡದ ಗೋಡೆಯೂ ಬೆವರುತ್ತದೆ, ಪ್ಲಾಸ್ಟಿಕ್‌ನದು ಬೆವರುವುದಿಲ್ಲ. ತೂತು ದೊಡ್ಡದಿರಲಿ, ಕೆಳಗೆ ತಟ್ಟೆ ಇಡಬೇಡಿ. ಸೊಸೈಟಿಯಲ್ಲಿ ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ಬೀಳುತ್ತದೆ ಎಂದು ತಕರಾರು ಬಂದರೆ ತಟ್ಟೆ ಇಟ್ಟು ಅದರ ಮೇಲೆ ಎರಡು ಇಟ್ಟಂಗಿ ಚೂರು, ಅದರ ಮೇಲೆ ಕುಂಡ. ಮಣ್ಣು: ಮೂರರಲ್ಲಿ ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಉಸುಕು ಅಥವಾ ಪುಡಿ ಮಾಡಿದ ಇಟ್ಟಂಗಿ, ಉಳಿದ ಪಾಲಿನಲ್ಲಿ ಅರ್ಧ ಎರೆಗೊಬ್ಬರ, ಅರ್ಧ ತೆಂಗಿನ ನಾರಿನ ಪುಡಿ. ಪುಣೆಯ ಸುತ್ತಲಿನ ಕಪ್ಪು ಮಣ್ಣನ್ನು ಹಾಗೆಯೇ ತುಂಬಬೇಡಿ, ಅದು ನಮ್ಮ ಎರಿಯ ಸೋದರನೇ.

ಇನ್ನೊಂದು ಮುಖ್ಯ ವಿಷಯ. ಉರುಳಿ ಕಾಂಚನ್ ಕಡೆಯ ನರ್ಸರಿಗಳಿಂದಾಗಲಿ, ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಫಲಪುಷ್ಪ ಪ್ರದರ್ಶನದಿಂದಾಗಲಿ ಗಿಡ ತಂದಾಗ ಬೇರಿನ ಸುತ್ತ ಜಿಗುಟಾದ ಕೆಂಪು ಮಣ್ಣಿನ ಉಂಡೆ ಇದೆಯೇ ನೋಡಿ. ಲಾರಿಯಲ್ಲಿ ಸಾಗಿಸುವಾಗ ಬೇರು ಅಲುಗಾಡದಿರಲಿ ಎಂದು ಹಾಗೆ ಕಟ್ಟಿರುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಆ ಉಂಡೆಯನ್ನು ಹಾಗೆಯೇ ಕುಂಡದಲ್ಲಿ ಕೂರಿಸಿದರೆ, ಸುತ್ತಲಿನ ಹಗುರ ಮಣ್ಣು ಒಣಗಿದರೂ ಒಳಗಿನ ಉಂಡೆ ಒದ್ದೆಯಾಗಿಯೇ ಇರುತ್ತದೆ. ಖರಾಡಿಯವರ ಮೂರು ರೋಸ್‌ಮೆರಿಗಳೂ ಹೀಗೇ ಹೋಗಿರಬೇಕೆಂದು ನನ್ನ ಊಹೆ. ಬಕೆಟ್ ನೀರಿನಲ್ಲಿ ಉಂಡೆಯನ್ನು ಅರ್ಧ ಗಂಟೆ ನೆನೆಸಿ, ಬೇರು ಹರಿಯದಂತೆ ಮುಕ್ಕಾಲು ಮಣ್ಣು ಬಿಡಿಸಿ ನೆಡಿ. ಚಳಿಗಾಲದಲ್ಲಿ ಮಾಡಿದರೆ ಗಿಡ ತಡೆದುಕೊಳ್ಳುತ್ತದೆ.

ನೀರನ್ನು ದಿನ ಲೆಕ್ಕ ಹಾಕಿ ಹಾಕುವಂತಿಲ್ಲ. ಬೆರಳನ್ನು ಒಂದು ಇಂಚು ಒಳಗೆ ಚುಚ್ಚಿ, ಒಣಗಿದ್ದರೆ ಹಾಕಿ, ಹಾಕಿದರೆ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ. ಬಿಸಿಲು ಐದಾರು ಗಂಟೆ ಬೇಕು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಸ್ವಲ್ಪ ನೆರಳು. ಗೊಬ್ಬರ ಕಡಿಮೆ. ಹೆಚ್ಚು ಗೊಬ್ಬರ ತಿಂದ ಮರುಗ ದೊಡ್ಡ ದೊಡ್ಡ ಎಲೆ ಬಿಡುತ್ತದೆ, ಮೂಸಿದರೆ ಹುಲ್ಲು. ತುದಿಯನ್ನು ಆಗಾಗ ಚಿವುಟುತ್ತಿರಬೇಕು. ತುದಿಯಲ್ಲಿ ಹಸಿರು ಗಂಟಿನಂಥ ಮೊಗ್ಗು ಕಂಡರೆ ತಡಮಾಡದೆ ಚಿವುಟಿ, ಹೂ ಬಿಟ್ಟ ಮೇಲೆ ಎಲೆಯ ಕಡೆ ಗಿಡದ ಗಮನ ಇರುವುದಿಲ್ಲ. ಜೂನ್ ಮೊದಲ ಮಳೆಗೆ ಮೂರರಲ್ಲಿ ಒಂದು ಪಾಲು ಕತ್ತರಿಸಿ, ಮಳೆ ಹನಿ ಬೀಳದ, ಗಾಳಿಯಾಡುವ ಮೂಲೆಗೆ ಸರಿಸಿ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬೆಳೆಸಲು ಹೋಗಬೇಡಿ, ಉಳಿದರೆ ಸಾಕು.

ರೋಸ್‌ಮೆರಿ, ಥೈಮ್, ಒರೆಗಾನೊ, ಲ್ಯಾವೆಂಡರ್, ಎಲ್ಲಕ್ಕೂ ಇದೇ ಕ್ರಮ. ರೋಸ್‌ಮೆರಿಗೆ ಉಸುಕು ಇನ್ನಷ್ಟು. ಒರೆಗಾನೊ ಇವರಲ್ಲಿ ಗಟ್ಟಿ, ಹೊಸಬರು ಅದರಿಂದ ಶುರುಮಾಡಬಹುದು. ಲ್ಯಾವೆಂಡರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಪುಣೆಯ ಫ್ಲಾಟಿನಲ್ಲಿ ಆ ಸಾಹಸ ಬೇಡ. ಅಷ್ಟೇ ಶ್ರಮದಲ್ಲಿ ನಾಲ್ಕು ಕುಂಡ ಮರುಗ ಬರುತ್ತದೆ.

ನರ್ಸರಿಯಲ್ಲಿ ಮರುಗ ಸಿಗಲಿಲ್ಲ ಎನ್ನುವವರು ಯಾರ್ಡಿಗೋ ನಿಮ್ಮೂರಿನ ಹೂವಿನ ಪೇಟೆಗೋ ಹೋಗಿ. ಮುಂಬಯಿಯವರಿಗೆ ದಾದರ್, ಬೆಂಗಳೂರಿಗೆ ಮರಳಿದವರಿಗೆ ಕೆ.ಆರ್. ಮಾರ್ಕೆಟ್ ಇದ್ದೇ ಇದೆ. ಬೆಳಿಗ್ಗೆ ಬೇಗ ಹೋಗಿ ತಾಜಾ ಕಟ್ಟು ತಂದು, ಅದರೊಳಗಿನ ಗಟ್ಟಿ ಕಡ್ಡಿಗಳನ್ನು ಮೇಲೆ ಹೇಳಿದಂತೆ ಊರಿದರೆ ಕೆಲವಾದರೂ ಹತ್ತುತ್ತವೆ. ಗಿಡದ ಬೆಲೆಯಲ್ಲ, ಹೂವಿನ ಬೆಲೆ.

ಅವ್ವ ಇದಕ್ಕೆ ಒಪ್ಪುವುದಿಲ್ಲ. ಪೇಟೆಯ ಮರವಾಕ್ಕೆ ವಾಸನೆಯೇ ಇಲ್ಲ ಎನ್ನುತ್ತಾಳೆ. ಎರಡನ್ನೂ ಕಣ್ಣು ಮುಚ್ಚಿ ಮೂಸಿದ್ದೇನೆ, ನನಗೇನೂ ವ್ಯತ್ಯಾಸ ಗೊತ್ತಾಗಿಲ್ಲ. ಅದನ್ನು ಅವಳಿಗೆ ಹೇಳಿಲ್ಲ. ಆದರೆ ಪ್ರತಿ ಶುಕ್ರವಾರ ಅವಳು ಯಾರ್ಡಿನ ಹೂವಿನ ಸಾಲಿಗೆ ನನ್ನ ಜೊತೆ ಬರುತ್ತಾಳೆ. ಪುಣೆಗೆ ಬಂದ ಎರಡು ವರ್ಷದಲ್ಲಿ ಅವಳು ಕಲಿತ ಮರಾಠಿ ಪೂರ್ತಿ ಅಲ್ಲಿಯದೇ. ಅಂಚಿನಲ್ಲಿ ಕೂರುವ ಒಬ್ಬ ಮಾವಶಿ ಅವಳನ್ನು "ಯಾ ಆಜಿ, ಬಸಾ" ಎಂದು ಕರೆದು ಪಕ್ಕದಲ್ಲಿ ಗೋಣಿಚೀಲ ಹಾಸಿಕೊಡುತ್ತಾಳೆ. ಒಬ್ಬಳು ಮರವಾ ಎನ್ನುತ್ತಾಳೆ, ಇನ್ನೊಬ್ಬಳು ಮರುಗ ಎನ್ನುತ್ತಾಳೆ, ನಡುವಿನ ಮಾತು ಏನೆಂದು ನನಗೂ ತಿಳಿಯುವುದಿಲ್ಲ. ಒಂದು ಶುಕ್ರವಾರ ಅವ್ವ ತನ್ನ ಕುಂಡದಿಂದ ಒಂದು ಕಡ್ಡಿ ಒಯ್ದು ಮಾವಶಿಗೆ ಮೂಸಲು ಕೊಟ್ಟಳು. ಮಾವಶಿ ಅಂಗೈಯಲ್ಲಿ ಉಜ್ಜಿ, ಮೂಸಿ, ತಲೆ ಹಾಕಿ, ಉಳಿದ ಅರ್ಧ ಕಡ್ಡಿಯನ್ನು ಅಂಬಾಡದ ಗಂಟಿಗೆ ಸಿಕ್ಕಿಸಿಕೊಂಡಳು. ಅವ್ವನ ಮುಖ ನೋಡಬೇಕಿತ್ತು. ಮರುವಾರ ಮಾವಶಿ ತನಗೂ ಒಂದು ಗಿಡ ಬೇಕೆಂದು ಕೇಳಿದಳು. ಮರವಾ ಮಾರುವವಳಿಗೆ ನಾವು ಮರುಗ ಕೊಡುವುದೇ ಎಂದು ನನ್ನ ಗಂಡ ನಕ್ಕರು. ಶಿವಮೊಗ್ಗದವರು ಅವರು, ಅಡಿಕೆ ಬಿಟ್ಟರೆ ಬೇರೆ ಗಿಡಕ್ಕೆ ಮರ್ಯಾದೆ ಕೊಟ್ಟು ಗೊತ್ತಿಲ್ಲ.

ತಿನ್ನುವ ವಿಷಯ ಬಿಟ್ಟುಹೋಯಿತು. ನಾವು ಮರುಗವನ್ನು ದೇವರಿಗೆ ಏರಿಸಿ, ತಲೆಗೆ ಮುಡಿದು ಅಲ್ಲಿಗೇ ನಿಲ್ಲಿಸಿದವರು. ಜರ್ಮನಿಯವರು ಆಲೂಗಡ್ಡೆಯ ಸಾರಿಗೆ, ಮಾಂಸದ ಅಡುಗೆಗೆ ಧಾರಾಳವಾಗಿ ಹಾಕುತ್ತಾರೆ. ಬೆಣ್ಣೆ, ಆಲೂಗಡ್ಡೆ, ಮೊಸರಿನ ಜೊತೆ ಹೊಂದುತ್ತದೆ. ಇಳಿಸುವ ಐದು ನಿಮಿಷ ಮುಂಚೆ ಹಾಕಬೇಕು, ಮುಂಚೆಯೇ ಹಾಕಿದರೆ ವಾಸನೆ ಹಾರಿಹೋಗುತ್ತದೆ. ನಮ್ಮ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಕಿಟಕಿಯ ಕಡೆಯ ಎರಡು ಕುಂಡ ಮಗಳ ಪಿಜ್ಜಾಕ್ಕೆ, ಉಳಿದವು ದೇವರಿಗೆ. ಮಗಳು ಕೈ ತೊಳೆಯದೆ ದೇವರ ಕುಂಡ ಮುಟ್ಟುವಂತಿಲ್ಲ. ಅವ್ವ ಪಿಜ್ಜಾದ ಕುಂಡದಿಂದ ಎಲೆ ಕಿತ್ತು ಆಲೂಗಡ್ಡೆ ಪಲ್ಯಕ್ಕೆ ಹಾಕಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ಮೂರಿದ್ದದ್ದು ಈ ವರ್ಷ ಫೆಬ್ರವರಿಗೆ ಒಂಬತ್ತಾಗಿತ್ತು. ಮಳೆಗಾಲ ಮುಗಿದಾಗ ಏಳು ಉಳಿದಿವೆ. ಒಂದು ಬೆಂಗಳೂರಿಗೆ ತಮ್ಮನ ಮನೆಗೆ ಹೋಗಿದೆ. ಒಂದು ಲಕ್ಷ್ಮೇಶ್ವರಕ್ಕೆ ಹೋಗಬೇಕೆಂದು ಅವ್ವನ ಆಸೆ. ಅಜ್ಜಿಯ ತವರಿನಲ್ಲಿ ಈಗ ಆ ಗಿಡ ಇಲ್ಲವಂತೆ. ಡಿಸೆಂಬರಿನಲ್ಲಿ ಅತ್ತ ಹೋಗುವವರಿದ್ದೇವೆ, ಈ ಸಲ ಅವ್ವನೂ ಬರುತ್ತೇನೆ ಎಂದಿದ್ದಾಳೆ. ಮಾವಶಿಯದು ಇದೇ ಶುಕ್ರವಾರ.

ದಸರೆ ಮುಗಿಯಿತು, ಬೆಳಗಿನ ಹೊತ್ತು ತಣ್ಣಗಾಗುತ್ತಿದೆ, ಕಡ್ಡಿ ಊರಲು ಇದೇ ಕಾಲ. ಇಪ್ಪತ್ತು ಲೋಟ ಊರಿದ್ದೇನೆ. ದೀಪಾವಳಿ ಕಳೆದು ಎರಡು ವಾರಕ್ಕೆ ಬೇರು ಬಿಟ್ಟಿರುತ್ತವೆ. ಖರಾಡಿಯವರೇ, ನಿಮಗೊಂದು ಎತ್ತಿಟ್ಟಿದ್ದೇನೆ. ಬರುವಾಗ ಎಂಟು ಇಂಚಿನ ಮಣ್ಣಿನ ಕುಂಡ ತನ್ನಿ, ತೂತು ದೊಡ್ಡದಿರಲಿ. ಸಂಜೆ ಐದರ ಮೇಲೆ ಯಾರ್ಡಿನ ಗೇಟಿನ ಹತ್ತಿರ ಲಾರಿಗಳ ಕಾಟ, ಬೆಳಿಗ್ಗೆಯೇ ಬನ್ನಿ.